ಇದ್ದಿಲು ಕಂಡರೆ ಎರೆಹುಳು ಓಡುವುದೇಕೆ?

ಮಣ್ಣಿಗೆ ಬಯೋಚಾರ್ ಬೆರೆಸುವ ವಿಚಾರವಾಗಿ ಓದುಗರಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಈ ಬಾರಿ ಎರೆಹುಳುಗಳನ್ನು ಕುರಿತವು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಲಾಗಿದೆ. ಬಯೋಚಾರ್ ಎಂದರೆ ಕಟ್ಟಿಗೆ, ಹೊಟ್ಟು, ಗೊಬ್ಬರ ಮುಂತಾದ ಸಾವಯವ ವಸ್ತುಗಳನ್ನು ಆಮ್ಲಜನಕ ಇಲ್ಲದೆ ಅಥವಾ ತೀರ ಕಡಿಮೆ ಆಮ್ಲಜನಕದಲ್ಲಿ, ಸುಮಾರು 350ರಿಂದ 700 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕಾಯಿಸಿ, ಮಣ್ಣಿಗೆ ಹಾಕಲೆಂದೇ ತಯಾರಿಸಿದ ಇದ್ದಿಲು. ಕೆಳಗಿನ ಉತ್ತರಗಳಲ್ಲಿ ಇದ್ದಿಲು ಎಂದಾಗಲೂ ಬಯೋಚಾರ್ ಎಂದಾಗಲೂ ಅದೇ ವಸ್ತುವೆಂದು ತಿಳಿಯಬೇಕು.

ಪ್ರಶ್ನೆ: ಎರೆಗೊಬ್ಬರದ ತೊಟ್ಟಿಗೆ ಆಗತಾನೆ ತಯಾರಿಸಿದ ಇದ್ದಿಲನ್ನು ಕುಟ್ಟಿ, ಜರಡಿ ಹಿಡಿದು, ಒಂದು ಬುಟ್ಟಿಯಷ್ಟು ಸುರಿದೆ. ಬೆಳಗಾಗುವುದರೊಳಗೆ ಹುಳುಗಳೆಲ್ಲ ಇನ್ನೊಂದು ಮೂಲೆಯಲ್ಲಿ ಗುಂಪುಗೂಡಿದ್ದವು. ಕೆಲವು ತೊಟ್ಟಿಯ ಗೋಡೆಯನ್ನೇ ಹತ್ತಿದ್ದವು. ಇದ್ದಿಲು ಎರೆಹುಳುವಿಗೆ ವಿಷವೇ?

ಉತ್ತರ: ಹುಳುಗಳು ಓಡಿದ್ದು ಇದ್ದಿಲನ್ನು ಕಂಡೇ ಇರಬಹುದು, ಆದರೆ ಅಷ್ಟರಿಂದಲೇ ಅದು ವಿಷವೆಂದು ತೀರ್ಮಾನಿಸಲಾಗದು. ನಿಮ್ಮ ಪತ್ರದಲ್ಲಿ ಎರಡು ವಿವರಗಳು ನನ್ನ ಗಮನ ಸೆಳೆದವು. ಇದ್ದಿಲು ಆಗತಾನೆ ತಯಾರಾದದ್ದು. ಅದನ್ನು ಜರಡಿ ಹಿಡಿಯಲಾಗಿತ್ತು, ಅಂದರೆ ಅದು ಒಣಗಿತ್ತು.

ಎರೆಹುಳುವಿಗೆ ಶ್ವಾಸಕೋಶವಿಲ್ಲ. ಅದು ಚರ್ಮದ ಮೂಲಕ ಉಸಿರಾಡುತ್ತದೆ, ಮತ್ತು ಆ ಚರ್ಮ ಸದಾ ಒದ್ದೆಯಾಗಿದ್ದರೆ ಮಾತ್ರ ಆಮ್ಲಜನಕ ಒಳಗೆ ಸೇರುತ್ತದೆ. ದೇಹದ ತೂಕದಲ್ಲಿ ಸುಮಾರು ಶೇ. 80ರಷ್ಟು ನೀರೇ ಆಗಿರುವ ಈ ಜೀವಿಯ ಪಕ್ಕಕ್ಕೆ ಒಣ ಇದ್ದಿಲನ್ನು ತಂದಿಟ್ಟರೆ ಆಗುವುದೇನೆಂದು ಊಹಿಸಿಕೊಳ್ಳಿ. ಹೆಚ್ಚು ಶಾಖದಲ್ಲಿ ಸುಟ್ಟ ಕಟ್ಟಿಗೆಯ ಇದ್ದಿಲಿನ ಒಂದು ಗ್ರಾಮಿನಲ್ಲಿ ಒಳರಂಧ್ರಗಳ ಮೇಲ್ಮೈಯನ್ನೆಲ್ಲ ಸೇರಿಸಿದರೆ ನೂರಾರು ಚದರ ಮೀಟರ್ ಆಗುವುದುಂಟು. ಬರಿದಾದ ಆ ರಂಧ್ರಗಳು ತಮ್ಮ ಸುತ್ತಲಿನ ಮಣ್ಣು, ಗೊಬ್ಬರ, ಹುಳುವಿನ ಮೈಮೇಲಿನ ಲೋಳೆ ಎಲ್ಲದರಿಂದಲೂ ನೀರನ್ನು ಎಳೆದುಕೊಳ್ಳುತ್ತವೆ. ತೊಟ್ಟಿಯನ್ನು ಕೈಯಿಂದ ಮುಟ್ಟಿದರೆ ನಮಗೆ ತೇವವಾಗಿಯೇ ಕಾಣುತ್ತದೆ. ಹುಳುವಿನ ಪಾಲಿಗೆ ಅದು ಅಷ್ಟರಲ್ಲೇ ಬರಗಾಲವಾಗಿರುತ್ತದೆ.

ಈ ವಿವರಣೆ ಬರಿಯ ತರ್ಕವಲ್ಲ. ಅಮೆರಿಕದ ರೈಸ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸೇಬಿನ ಮರದ ಚೂರುಗಳಿಂದ ಮಾಡಿದ ಇದ್ದಿಲನ್ನು ಒಂದು ಕಿಲೋ ಮಣ್ಣಿಗೆ 100 ಮತ್ತು 200 ಗ್ರಾಮಿನಂತೆ ಒಣದಾಗಿಯೇ ಬೆರೆಸಿದಾಗ, ಎರೆಗೊಬ್ಬರದ ತೊಟ್ಟಿಗಳಲ್ಲಿ ಸಾಮಾನ್ಯವಾಗಿ ಸಾಕುವ ಐಸೀನಿಯಾ ಫೆಟಿಡಾ ಹುಳುಗಳು ಆ ಮಣ್ಣನ್ನು ಸ್ಪಷ್ಟವಾಗಿ ತೊರೆದವು. ಅದರಲ್ಲೇ ಇರಬೇಕಾಗಿ ಬಂದ ಹುಳುಗಳು 28 ದಿನಗಳಲ್ಲಿ ತೂಕ ಕಳೆದುಕೊಂಡವು. ಕಾರಣ ಹುಡುಕುತ್ತ ಸಂಶೋಧಕರು ಇದ್ದಿಲಿನಲ್ಲಿರಬಹುದಾದ ವಿಷಕಾರಿ ಹೈಡ್ರೋಕಾರ್ಬನ್‌ಗಳನ್ನೂ ಪೋಷಕಾಂಶದ ಕೊರತೆಯನ್ನೂ ಪರಿಶೀಲಿಸಿದರು. ಎರಡೂ ಕಾರಣವೆಂದು ಕಂಡುಬರಲಿಲ್ಲ. ಅದೇ ಇದ್ದಿಲನ್ನು ಮೊದಲೇ ಸಾಕಷ್ಟು ನೆನೆಸಿ ಬೆರೆಸಿದಾಗ ಹುಳುಗಳು ತೊರೆಯುವುದು ನಿಂತಿತು. ವಸ್ತು ಅದೇ, ಪ್ರಮಾಣವೂ ಅದೇ. ಬದಲಾದದ್ದು ನೀರು ಮಾತ್ರ.

ಎಲ್ಲ ಇದ್ದಿಲಿಗೂ ಇದೇ ಮಾತು ಸಲ್ಲುವುದಿಲ್ಲ ಎಂಬುದನ್ನೂ ಹೇಳಬೇಕು. ಹೊಸ ಇದ್ದಿಲಿನಲ್ಲಿ ಬೂದಿ ಇರುತ್ತದೆ. ಬೂದಿಯಲ್ಲಿ ಪೊಟ್ಯಾಸಿಯಂ, ಕ್ಯಾಲ್ಸಿಯಂ ಮುಂತಾದವುಗಳ ಲವಣಗಳಿರುತ್ತವೆ. ಹಾಗಾಗಿ ಹೊಸ ಇದ್ದಿಲಿನ ರಸಸಾರ, ಅಂದರೆ ಹುಳಿ–ಕ್ಷಾರಗಳ ಅಳತೆ, ಸಾಮಾನ್ಯವಾಗಿ ಕ್ಷಾರದ ಕಡೆಗೆ, 8ರಿಂದ 10ರ ನಡುವೆ ಇರುತ್ತದೆ. ಕಟ್ಟಿಗೆಯ ಇದ್ದಿಲಿನಲ್ಲಿ ಬೂದಿ ಕಡಿಮೆ, ಗೊಬ್ಬರದ ಇದ್ದಿಲಿನಲ್ಲಿ ಬಹಳ ಹೆಚ್ಚು. ಕೋಳಿಗೊಬ್ಬರದಿಂದ ಮಾಡಿದ ಇದ್ದಿಲನ್ನೂ ಪೈನ್ ಮರದ ಚೂರುಗಳಿಂದ ಮಾಡಿದ ಇದ್ದಿಲನ್ನೂ ಅಕ್ಕಪಕ್ಕದಲ್ಲಿಟ್ಟು ಪರೀಕ್ಷಿಸಿದ 2010ರ ಒಂದು ಪ್ರಯೋಗದಲ್ಲಿ, ಹೆಕ್ಟೇರಿಗೆ 67.5 ಟನ್ ಮತ್ತು ಅದಕ್ಕೂ ಮಿಗಿಲಾದ ಪ್ರಮಾಣದಲ್ಲಿ ಕೋಳಿಗೊಬ್ಬರದ ಇದ್ದಿಲು ಹುಳುಗಳನ್ನು ಕೊಂದಿತು. ಪೈನ್ ಇದ್ದಿಲಿನಿಂದ ಅಂಥ ಹಾನಿ ಕಾಣಲಿಲ್ಲ. ಮಣ್ಣಿನ ರಸಸಾರ ಹಠಾತ್ತನೆ ಏರಿದ್ದೇ ಇದಕ್ಕೆ ಮುಖ್ಯ ಕಾರಣವಿರಬೇಕು. ಆದ್ದರಿಂದ ಇದ್ದಿಲು ಒಳ್ಳೆಯದೋ ಕೆಟ್ಟದೋ ಎಂದು ಕೇಳುವ ಮೊದಲು ಅದು ಯಾವುದರ ಇದ್ದಿಲು, ಎಷ್ಟು ಬೂದಿಯದು, ಒಣದೋ ನೆನೆದದ್ದೋ ಎಂದು ಕೇಳುವುದು ಸರಿಯಾದ ಕ್ರಮ.

ನೀವು ಮಾಡಬೇಕಾದದ್ದು ಕಷ್ಟದ ಕೆಲಸವೇನಲ್ಲ. ಇದ್ದಿಲನ್ನು ಒಂದು ಪೀಪಾಯಿಯಲ್ಲಿ ನೀರಿಗೆ ಹಾಕಿ ಒಂದು ದಿನ ಬಿಟ್ಟು, ಮೇಲಿನ ನೀರನ್ನು ಚೆಲ್ಲಿಬಿಡಿ. ಬೂದಿಯ ಲವಣದಲ್ಲಿ ಬಹುಪಾಲು ಅದರೊಂದಿಗೆ ಹೋಗುತ್ತದೆ. ಹೊಸ ಇದ್ದಿಲು ಮೊದಮೊದಲು ನೀರನ್ನು ಒಳಗೆ ಬಿಟ್ಟುಕೊಳ್ಳದೆ ತೇಲುವುದರಿಂದ ಅದರ ಮೇಲೆ ಗೋಣಿತಾಟು ಹಾಸಿ ಭಾರವಿಡಬೇಕಾಗಬಹುದು. ಆಮೇಲೆ ಅದನ್ನು ಮಾಗಿದ ಗೊಬ್ಬರದೊಂದಿಗೆ ಕಲಸಿ, ಎರಡು ಮೂರು ವಾರ ತೇವ ಆರದಂತೆ ಇಟ್ಟು, ಬಳಿಕ ತೊಟ್ಟಿಯ ಒಂದು ಬದಿಗೆ ಮಾತ್ರ ಸ್ವಲ್ಪ ಸ್ವಲ್ಪವೇ ಹಾಕಿರಿ. ಇನ್ನೊಂದು ಬದಿ ಹುಳುಗಳಿಗೆ ತಪ್ಪಿಸಿಕೊಳ್ಳುವ ದಾರಿಯಾಗಿರಲಿ.

ಪ್ರಶ್ನೆ: ಪ್ರಯೋಗಾಲಯದಲ್ಲಿ ಹುಳುಗಳಿಗೆ ತೊಂದರೆಯಾಯಿತು ಎನ್ನುವ ವರದಿಗಳನ್ನು ಓದಿದ್ದೇನೆ. ಹಾಗಿದ್ದರೆ ಹೊಲಕ್ಕೆ ಹಾಕುವುದು ಸುರಕ್ಷಿತವೇ? ಎಷ್ಟು ಹಾಕಬಹುದು?

ಉತ್ತರ: ವರದಿಗಳನ್ನು ಓದುವಾಗ ಪ್ರಮಾಣವನ್ನು ಹೊಲದ ಅಳತೆಗೆ ಇಳಿಸಿಕೊಳ್ಳದಿದ್ದರೆ ವೃಥಾ ಭಯವಾಗುತ್ತದೆ. ಲೆಕ್ಕ ಸರಳವಾದದ್ದು. ಹೆಕ್ಟೇರಿಗೆ 10 ಟನ್ ಎಂದರೆ ಒಂದು ಚದರ ಮೀಟರಿಗೆ 1 ಕಿಲೋ. ಮೇಲಿನ 15 ಸೆಂಟಿಮೀಟರ್ ಆಳದ ಮಣ್ಣು, ಒಂದು ಘನ ಸೆಂಟಿಮೀಟರಿಗೆ 1.3 ಗ್ರಾಮಿನಂತೆ ಹಿಡಿದರೆ, ಚದರ ಮೀಟರಿಗೆ 195 ಕಿಲೋ ತೂಗುತ್ತದೆ. ಹಾಗಾಗಿ 10 ಟನ್ ಇದ್ದಿಲು ಮಣ್ಣಿನ ತೂಕದ ಅರ್ಧ ಶೇಕಡದಷ್ಟು ಮಾತ್ರ. ಮೇಲೆ ಹೇಳಿದ ಸೇಬಿನ ಮರದ ಪ್ರಯೋಗದ 100 ಗ್ರಾಂ, 200 ಗ್ರಾಮುಗಳನ್ನು ಇದೇ ಲೆಕ್ಕದಲ್ಲಿ ಹೊಲಕ್ಕೆ ತಂದರೆ ಹೆಕ್ಟೇರಿಗೆ ಸುಮಾರು 200 ಟನ್ ಮತ್ತು 400 ಟನ್ ಆಗುತ್ತವೆ. ಅಷ್ಟನ್ನು ಯಾರೂ ಹಾಕುವುದಿಲ್ಲ. ಹಾಕಲು ಸಿಗುವುದೂ ಇಲ್ಲ.

ಆದರೆ ಈ ಸಮಾಧಾನದಲ್ಲಿ ಒಂದು ತೊಡಕಿದೆ, ಮತ್ತು ಹೊಲದಲ್ಲಿ ನಿಜವಾಗಿ ತಪ್ಪಾಗುವುದು ಅಲ್ಲಿಯೇ. ಸರಾಸರಿ ಲೆಕ್ಕ ಕಾಗದದ ಮೇಲಿನದು. ಹುಳು ಬದುಕುವುದು ತನ್ನ ಬಿಲದ ಸುತ್ತಲಿನ ಕೆಲವು ಸೆಂಟಿಮೀಟರುಗಳಲ್ಲಿ. ಚದರ ಮೀಟರಿಗೆ 1 ಕಿಲೋ ಇದ್ದಿಲನ್ನು ಬೆರೆಸದೆ ಮೇಲೆಯೇ ಹರಡಿದಿರಿ ಎನ್ನಿ. ಲೀಟರಿಗೆ 250 ಗ್ರಾಂ ತೂಗುವ ಹಗುರ ಇದ್ದಿಲಾದರೆ ಅದು ನಾಲ್ಕು ಮಿಲಿಮೀಟರ್ ದಪ್ಪದ ಪದರವಾಗುತ್ತದೆ. ತರಗೆಲೆಯ ಕೆಳಗೆ ವಾಸಿಸುವ ಹುಳುವಿಗೆ ಆ ಪದರದೊಳಗೆ ಅರ್ಧ ಶೇಕಡವಲ್ಲ, ನೂರಕ್ಕೆ ನೂರು ಇದ್ದಿಲೇ. ಹಾಗೆಯೇ ಹೆಕ್ಟೇರಿನ ಇಡೀ ಪಾಲನ್ನು ಹತ್ತನೇ ಒಂದು ಭಾಗ ಜಾಗದ ಸಾಲುಗಳಲ್ಲಿ ಸುರಿದರೆ ಆ ಸಾಲಿನೊಳಗೆ ಶೇ. 5 ಆಗುತ್ತದೆ, ಗಿಡ ನೆಡುವ ಗುಂಡಿಗೆ ಕೈಬೀಸಿ ಹಾಕಿದರೆ ಇನ್ನೂ ಹೆಚ್ಚು. ಪ್ರಯೋಗಾಲಯದ ಪ್ರಮಾಣಗಳನ್ನು ನಾವು ಹೀಗೆ ಗೊತ್ತಿಲ್ಲದೆ ಗುಂಡಿಗುಂಡಿಯಲ್ಲಿ ಮುಟ್ಟಿಬಿಡುತ್ತೇವೆ.

ಹೆಕ್ಟೇರಿಗೆ 5ರಿಂದ 10 ಟನ್, ನೆನೆಸಿ, ಗೊಬ್ಬರದೊಂದಿಗೆ ಮಾಗಿಸಿ, ಮಣ್ಣಿನಲ್ಲಿ ಚೆನ್ನಾಗಿ ಬೆರೆಸುವುದಾದರೆ ಹುಳುಗಳ ದೃಷ್ಟಿಯಿಂದ ನನಗೆ ಆತಂಕ ಕಾಣುವುದಿಲ್ಲ. ಮಣ್ಣು ಹುಳಿಯಾಗಿದ್ದರೆ ಲಾಭವೂ ಆಗಬಹುದು. ಆಸ್ಟ್ರೇಲಿಯಾದಲ್ಲಿ ಕಾಗದದ ಗಿರಣಿಯ ತ್ಯಾಜ್ಯದಿಂದ ಮಾಡಿದ ಇದ್ದಿಲನ್ನು ಎರಡು ಬಗೆಯ ಮಣ್ಣಿಗೆ ಬೆರೆಸಿ ನೋಡಿದಾಗ, ಆಮ್ಲೀಯವಾದ ಕೆಂಪು ಫೆರೋಸಾಲ್ ಮಣ್ಣಿನಲ್ಲಿ ಹುಳುಗಳು ಇದ್ದಿಲು ಬೆರೆಸಿದ ಭಾಗವನ್ನೇ ಆರಿಸಿಕೊಂಡವು. ಮೊದಲೇ ಸುಣ್ಣದ ಅಂಶವಿದ್ದ ಮಣ್ಣಿನಲ್ಲಿ ಅವಕ್ಕೆ ಎರಡೂ ಒಂದೇ ಆಗಿತ್ತು. ಹುಳಿ ಮಣ್ಣಿನಲ್ಲಿ ಇದ್ದಿಲಿನ ಬೂದಿ ಸುಣ್ಣದ ಕೆಲಸ ಮಾಡಿ, ಕರಗಿದ ಅಲ್ಯುಮಿನಿಯಂ ಅನ್ನು ತಗ್ಗಿಸುತ್ತದೆ. ಹಿಂದಿನ ಉತ್ತರದಲ್ಲಿ ಹುಳುವನ್ನು ಕೊಂದ ಅದೇ ಕ್ಷಾರಗುಣ ಇಲ್ಲಿ ಅದನ್ನು ಕರೆದು ತಂದಿತು. ಆದ್ದರಿಂದ ಮಣ್ಣಿನ ರಸಸಾರ ತಿಳಿಯದೆ ಪ್ರಮಾಣ ನಿಶ್ಚಯಿಸಬಾರದು. ಮೊದಲೇ ಕ್ಷಾರವಾಗಿರುವ ಮಣ್ಣಿಗೆ ಬೂದಿಭರಿತ ಇದ್ದಿಲನ್ನು ಹಾಕುವುದಂತೂ ಬೇಡ.

ಪ್ರಶ್ನೆ: ಎರೆಹುಳು ಇದ್ದಿಲನ್ನು ತಿನ್ನುತ್ತದೆಯೇ? ಅದರಲ್ಲಿ ಆಹಾರವೇ ಇಲ್ಲವಲ್ಲ?

ಉತ್ತರ: ತಿನ್ನುತ್ತದೆ. ಅದರಲ್ಲಿ ಆಹಾರ ಇಲ್ಲವೆಂಬ ಮಾತೂ ಬಹುಮಟ್ಟಿಗೆ ನಿಜವೇ. ಇವೆರಡನ್ನೂ ಒಟ್ಟಿಗೆ ಅರ್ಥಮಾಡಿಕೊಳ್ಳಲು ಹುಳುವಿನ ಹೊಟ್ಟೆಯೊಳಗೆ ಇಣುಕಬೇಕಾಗುತ್ತದೆ.

ಎರೆಹುಳುವಿಗೆ ಹಲ್ಲಿಲ್ಲ. ಗಂಟಲಿನಿಂದ ಇಳಿದ ಮಣ್ಣು, ಕೊಳೆತ ಎಲೆ ಮೊದಲಾದವು ಗಟ್ಟಿ ಸ್ನಾಯುವಿನ ಒಂದು ಚೀಲವನ್ನು ಸೇರುತ್ತವೆ. ಅಲ್ಲಿ ಮಣ್ಣಿನೊಂದಿಗೆ ನುಂಗಿದ ಮರಳಿನ ಹರಳುಗಳೇ ಬೀಸುಕಲ್ಲಿನಂತೆ ಆಹಾರವನ್ನು ಅರೆಯುತ್ತವೆ. ಇದ್ದಿಲಿನ ಸಣ್ಣ ಕಣಗಳು ಈ ದಾರಿಯಲ್ಲಿ ಮಣ್ಣಿನೊಂದಿಗೆ ಸಾಗಿ, ಅರೆಯಲ್ಪಟ್ಟು, ಲೋಳೆಯಲ್ಲಿ ಮಿಂದು ಹಿಕ್ಕೆಯಾಗಿ ಹೊರಬರುತ್ತವೆ. ದಪ್ಪ ಚೂರುಗಳು ಬಾಯಿಗೆ ಹಿಡಿಸುವುದಿಲ್ಲ. ಅವುಗಳನ್ನು ಹುಳು ಪಕ್ಕಕ್ಕೆ ತಳ್ಳಿ ಮುಂದೆ ಹೋಗುತ್ತದೆ. ಉಷ್ಣವಲಯದ ಮಣ್ಣುಗಳಲ್ಲಿ ವ್ಯಾಪಕವಾಗಿ ಕಾಣುವ ಪೊಂಟೊಸ್ಕೊಲೆಕ್ಸ್ ಕೊರೆಥ್ರೂರಸ್ ಎಂಬ ಹುಳುವನ್ನು ಫ್ರೆಂಚ್ ವಿಜ್ಞಾನಿಗಳು ಈ ಶತಮಾನದ ಆರಂಭದಲ್ಲಿ ಗಮನಿಸಿದಾಗ, ಅದು ಇದ್ದಿಲನ್ನು ತಳ್ಳುವುದನ್ನೂ ನುಂಗುವುದನ್ನೂ ಕಂಡರು. ಬರಿಯ ಇದ್ದಿಲಿಗಿಂತ ಮಣ್ಣು ಬೆರೆತ ಇದ್ದಿಲು ಅದಕ್ಕೆ ಹೆಚ್ಚು ಒಗ್ಗಿತು.

ಹುಳು ಇದನ್ನೇಕೆ ನುಂಗುತ್ತದೆ? ಅರೆಯಲು ಗಟ್ಟಿ ಕಣ ಬೇಕೆಂಬುದು ಒಂದು ಕಾರಣವಾಗಬಹುದು. ಇನ್ನೊಂದು ನನಗೆ ಹೆಚ್ಚು ಒಪ್ಪುವಂಥದ್ದು: ಮಣ್ಣಿನಲ್ಲಿ ಕೆಲಕಾಲ ಇದ್ದ ಇದ್ದಿಲಿನ ರಂಧ್ರಗಳಲ್ಲಿ ಬ್ಯಾಕ್ಟೀರಿಯ, ಶಿಲೀಂಧ್ರಗಳು ನೆಲೆಸಿರುತ್ತವೆ, ಮತ್ತು ಹುಳುವಿಗೆ ಬೇಕಾದದ್ದು ಪಾತ್ರೆಯಲ್ಲ, ಅದಕ್ಕೆ ಅಂಟಿಕೊಂಡ ಊಟ. ಹೊಸ ಇದ್ದಿಲನ್ನು ತೊರೆದ ಹುಳು ಮಾಗಿದ ಇದ್ದಿಲಿನ ಬಳಿಗೆ ತಾನಾಗಿ ಬರುವುದನ್ನು ಇದರಿಂದ ವಿವರಿಸಬಹುದು.

ಹೊಟ್ಟೆಯಿಂದ ಹೊರಬಂದ ಇದ್ದಿಲು ಒಳಹೋದ ಇದ್ದಿಲಿನಂತೆ ಇರುವುದಿಲ್ಲ. ಮೊದಲು ಅದು ಗಾಳಿಗೆ ಹಾರುವ, ನೀರಿನಲ್ಲಿ ತೇಲುವ ಪುಡಿಯಾಗಿತ್ತು. ಈಗ ಜೇಡಿಮಣ್ಣು, ಲೋಳೆ, ಸೂಕ್ಷ್ಮಜೀವಿಗಳೊಂದಿಗೆ ಬೆಸೆದ ಮಣ್ಣಿನ ಹರಳು. ಲುಂಬ್ರಿಕಸ್ ಟೆರೆಸ್ಟ್ರಿಸ್ ಎಂಬ ಆಳಬಿಲದ ಹುಳುವನ್ನು ಬಳಸಿ ಸ್ಪೇನಿನಲ್ಲಿ ನಡೆದ ಪ್ರಯೋಗಗಳಲ್ಲಿ, ಹುಳುಗಳಿದ್ದ ಮಣ್ಣಿನ ಇದ್ದಿಲಿನ ಮೇಲ್ಮೈಗೆ ಕಿಣ್ವಗಳು ಅಂಟಿಕೊಂಡು ಅಲ್ಲಿಯೂ ಕ್ರಿಯಾಶೀಲವಾಗಿ ಉಳಿದದ್ದು ಕಂಡುಬಂದಿದೆ. ಗೊಬ್ಬರದಲ್ಲಿ ವಾರಗಟ್ಟಲೆ ನೆನೆಹಾಕಿ ನಾವು ಇದ್ದಿಲಿಗೆ ಏನನ್ನು ಮಾಡಲೆತ್ನಿಸುತ್ತೇವೆಯೋ ಅದನ್ನು ಹುಳು ತನ್ನ ಕರುಳಿನಲ್ಲಿ ಸದ್ದಿಲ್ಲದೆ ಮಾಡುತ್ತಿರುತ್ತದೆ.

ಕೆಳಕ್ಕೆ ಸಾಗಿಸುವ ಕೆಲಸವೂ ಹುಳುವಿನದೇ. ಚಾರ್ಲ್ಸ್ ಡಾರ್ವಿನ್ 1837ರಲ್ಲಿ ಲಂಡನ್ನಿನ ಭೂವಿಜ್ಞಾನ ಸಂಘದ ಮುಂದೆ ಓದಿದ ಪ್ರಬಂಧದ ವಿಷಯ ಇದೇ ಆಗಿತ್ತು. ಹುಲ್ಲುಗಾವಲಿನ ಮೇಲೆ ಕೆಲವು ವರ್ಷಗಳ ಹಿಂದೆ ಹರಡಿದ್ದ ಸುಣ್ಣವೂ ಕಲ್ಲಿದ್ದಲಿನ ಕಿಟ್ಟವೂ ನೆಲದ ಕೆಳಗೆ ಕೆಲವು ಅಂಗುಲ ಆಳದಲ್ಲಿ ಒಂದು ಪದರವಾಗಿ ಸಿಕ್ಕಿದ್ದವು. ಅವು ತಾವಾಗಿ ಮುಳುಗಿದ್ದಲ್ಲ. ಹುಳುಗಳು ಕೆಳಗಿನ ಮಣ್ಣನ್ನು ಹಿಕ್ಕೆಯಾಗಿ ಮೇಲೆ ತಂದು ಹಾಕುತ್ತ ಅವುಗಳನ್ನು ಹೂಳಿದ್ದವು. ಕಲ್ಲಿದ್ದಲಿನ ಕಿಟ್ಟ ಬಯೋಚಾರ್ ಅಲ್ಲ, ನಿಜ. ಆದರೆ ಮೇಲೆ ಹರಡಿದ ವಸ್ತು ಉಳುಮೆಯಿಲ್ಲದೆ ಆಳ ಸೇರುವ ಬಗೆ ಎರಡಕ್ಕೂ ಒಂದೇ, ಮತ್ತು 1881ರಲ್ಲಿ, ಸಾಯುವ ಹಿಂದಿನ ವರ್ಷ, ಡಾರ್ವಿನ್ ಇದರ ಮೇಲೆ ಒಂದು ಇಡೀ ಗ್ರಂಥವನ್ನೇ ಪ್ರಕಟಿಸುವಷ್ಟು ಆ ವಿಷಯ ಅವರನ್ನು ಹಿಡಿದಿಟ್ಟಿತ್ತು. ಅಮೆಜಾನ್ ಕಣಿವೆಯಲ್ಲಿ ಯುರೋಪಿಯನ್ನರು ಬರುವ ಮುಂಚೆ ಅಲ್ಲಿನ ಜನರು ವಾಸಿಸಿದ ಎಡೆಗಳಲ್ಲಿ ಇದ್ದಿಲು, ಮೂಳೆ, ಮಡಕೆ ಚೂರುಗಳಿಂದ ಉಂಟಾದ ಟೆರಾ ಪ್ರೇಟಾ ಎಂಬ ಕಪ್ಪು ಮಣ್ಣಿನಲ್ಲಿ ಇದ್ದಿಲು ಅಷ್ಟು ನುಣುಪಾಗಿ, ಅಷ್ಟು ಆಳಕ್ಕೆ ಬೆರೆತಿರುವುದರಲ್ಲಿ ಮಣ್ಣುಣ್ಣುವ ಹುಳುಗಳ ಪಾಲಿದೆಯೆಂದು ಆ ಫ್ರೆಂಚ್ ವಿಜ್ಞಾನಿಗಳು ಅಭಿಪ್ರಾಯಪಟ್ಟಿದ್ದಾರೆ.

ಪ್ರಶ್ನೆ: ಹಾಗಾದರೆ ಹುಳುಗಳು ಇದ್ದಿಲನ್ನು ಅರೆದು ಕರಗಿಸಿ, ಅದರ ಇಂಗಾಲ ಮತ್ತೆ ಗಾಳಿಗೆ ಸೇರುವುದಿಲ್ಲವೇ?

ಉತ್ತರ: ಅರೆಯುವುದು ಬೇರೆ, ಜೀರ್ಣಿಸುವುದು ಬೇರೆ. ಇದ್ದಿಲಿನ ಇಂಗಾಲದ ಪರಮಾಣುಗಳು ಉಂಗುರಗಳಾಗಿ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಆ ಹೆಣಿಗೆಯನ್ನು ಬಿಡಿಸುವುದು ಹುಳುವಿನ ಕರುಳಿನಲ್ಲಿ ಕೆಲವು ಗಂಟೆಗಳ ಕಾಲ ಇರುವ ಸೂಕ್ಷ್ಮಜೀವಿಗಳಿಂದ ಆಗುವ ಕೆಲಸವಲ್ಲ. ಮೊದಲ ತಿಂಗಳುಗಳಲ್ಲಿ ಸುಲಭವಾಗಿ ಕೊಳೆಯುವ ಸಣ್ಣದೊಂದು ಪಾಲು ಹೋಗಿಬಿಡುತ್ತದೆ, ಉಳಿದದ್ದು ಶತಮಾನಗಳ ಕಾಲ ನಿಲ್ಲುತ್ತದೆ. ಹುಳುಗಳಿದ್ದೂ ಟೆರಾ ಪ್ರೇಟಾದ ಇದ್ದಿಲು ಈವರೆಗೆ ಉಳಿದುಬಂದಿರುವುದೇ ಇದಕ್ಕೆ ಸಾಕ್ಷಿ.

ಇಲ್ಲಿ ಗಮನಿಸಬೇಕಾದದ್ದು ಇನ್ನೊಂದಿದೆ. ಎರೆಹುಳುಗಳು ಹಸಿರುಮನೆ ಅನಿಲಗಳ ವಿಷಯದಲ್ಲಿ ಅಷ್ಟೇನೂ ನಿರಪರಾಧಿಗಳಲ್ಲ. ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿ 2013ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಹುಳುಗಳಿರುವ ಮಣ್ಣಿನಿಂದ ಇಂಗಾಲದ ಡೈಆಕ್ಸೈಡ್ ಶೇ. 33ರಷ್ಟು, ನೈಟ್ರಸ್ ಆಕ್ಸೈಡ್ ಶೇ. 42ರಷ್ಟು ಹೆಚ್ಚು ಹೊರಬರುತ್ತದೆ. ಹುಳುವಿನ ಕರುಳು ಗಾಳಿಯಿಲ್ಲದ, ನೀರು ಮತ್ತು ನೈಟ್ರೇಟು ತುಂಬಿದ ಸ್ಥಳ. ನೈಟ್ರೇಟನ್ನು ನೈಟ್ರಸ್ ಆಕ್ಸೈಡಾಗಿ ಬದಲಿಸುವ ಬ್ಯಾಕ್ಟೀರಿಯಗಳಿಗೆ ಅದಕ್ಕಿಂತ ಒಳ್ಳೆಯ ಮನೆ ಇರಲಾರದು. ಇದ್ದಿಲು ಬೆರೆಸಿದ ಮಣ್ಣಿನಲ್ಲಿ ಹುಳುಗಳಿದ್ದರೂ ಈ ಅನಿಲ ಕಡಿಮೆಯಾದದ್ದನ್ನು ಪ್ರಯೋಗಾಲಯದ ಕೆಲವು ಅಧ್ಯಯನಗಳು ತೋರಿಸಿವೆ. ಹುಳುಗಳನ್ನು ದೂರಲು ಇದನ್ನು ಹೇಳಿದ್ದಲ್ಲ: 2014ರ ಇನ್ನೊಂದು ಒಟ್ಟು ವಿಶ್ಲೇಷಣೆಯಲ್ಲಿ ಹುಳುಗಳಿರುವಲ್ಲಿ ಬೆಳೆಯ ಇಳುವರಿ ಸರಾಸರಿ ಶೇ. 25ರಷ್ಟು ಹೆಚ್ಚಿತ್ತು.

ಪ್ರಶ್ನೆ: ಎರೆಗೊಬ್ಬರ ಮಾಡುವಾಗಲೇ ಇದ್ದಿಲು ಸೇರಿಸುವುದು ಒಳ್ಳೆಯದೋ, ಗೊಬ್ಬರವಾದ ಮೇಲೆ ಬೆರೆಸುವುದು ಒಳ್ಳೆಯದೋ?

ಉತ್ತರ: ಮಾಡುವಾಗಲೇ, ಆದರೆ ಮಿತವಾಗಿ. ಐಸೀನಿಯಾ ಫೆಟಿಡಾಕ್ಕೆ ಬೇಕಾದ ಪರಿಸರದ ಎಲ್ಲೆಗಳು ಸಾಕಷ್ಟು ಖಚಿತವಾಗಿ ಗೊತ್ತಿವೆ: ರಸಸಾರ 5ರಿಂದ 9, ತೇವಾಂಶ ಶೇ. 80ರಿಂದ 90, ಲವಣ ಶೇ. 0.5ಕ್ಕಿಂತ ಕಡಿಮೆ, ಅಮೋನಿಯ ಒಂದು ಗ್ರಾಮಿಗೆ 1 ಮಿಲಿಗ್ರಾಮಿಗಿಂತ ಕಡಿಮೆ. ಹಸಿ ಗೊಬ್ಬರ ಹಾಕಿದಾಗ ತೊಟ್ಟಿಯಲ್ಲಿ ಹುಳುಗಳು ಸಾಯಲು ಅಮೋನಿಯವೇ ಸಾಮಾನ್ಯ ಕಾರಣ. ನೆನೆಸಿ ತೊಳೆದ ಇದ್ದಿಲು ಆ ಅಮೋನಿಯವನ್ನು ಹೀರಿ ಹಿಡಿದಿಡುತ್ತದೆ, ಗೊಬ್ಬರದ ರಾಶಿ ಕುಸಿದು ಗಾಳಿಯಾಡದಂತೆ ಆಗುವುದನ್ನು ತಪ್ಪಿಸುತ್ತದೆ. ಹುಳುಗಳ ತತ್ತಿಕೋಶಗಳೂ ಮರಿಗಳೂ ಹೆಚ್ಚಿದ ವರದಿಗಳಿವೆ. ಆದರೆ ತೊಳೆಯದ ಬೂದಿ ಇದ್ದಿಲು ರಸಸಾರವನ್ನು ಏರಿಸಿದರೆ ಅದೇ ಅಮೋನಿಯ ಇನ್ನಷ್ಟು ಏಳುತ್ತದೆ. ಒಟ್ಟು ಗಾತ್ರದ ಹತ್ತನೇ ಒಂದು ಪಾಲನ್ನು ಮೀರದಿರುವುದು ಒಳ್ಳೆಯದು.

ತೊಟ್ಟಿಯ ಅನುಭವವನ್ನು ಹಾಗೆಯೇ ಹೊಲಕ್ಕೆ ಅನ್ವಯಿಸಬೇಡಿ. ಫ್ರಾನ್ಸಿನ ಮಾರ್ಸೆಲ್ ಬೂಶೆ 1970ರ ದಶಕದಲ್ಲಿ ಎರೆಹುಳುಗಳನ್ನು ಮೂರು ಗುಂಪುಗಳಾಗಿ ವಿಂಗಡಿಸಿದರು. ತರಗೆಲೆ ಮತ್ತು ಗೊಬ್ಬರದಲ್ಲಿ ಬದುಕುವ ಮೇಲ್ಪದರದ ಹುಳುಗಳು ಒಂದು; ತೊಟ್ಟಿಯಲ್ಲಿ ಸಾಕುವ ಐಸೀನಿಯಾ, ಯೂಡ್ರಿಲಸ್ ಈ ಗುಂಪಿನವು. ಮಣ್ಣನ್ನೇ ತಿನ್ನುತ್ತ ಅಡ್ಡಡ್ಡ ಬಿಲ ಕೊರೆಯುವವು ಇನ್ನೊಂದು. ನೆಟ್ಟಗೆ ಆಳದ ಬಿಲ ಮಾಡಿ ರಾತ್ರಿ ಮೇಲೆ ಬಂದು ಎಲೆಗಳನ್ನು ಒಳಗೆಳೆಯುವವು ಮೂರನೆಯದು. ಇದ್ದಿಲಿನೊಂದಿಗೆ ದಿನವೂ ವ್ಯವಹರಿಸಬೇಕಾದದ್ದು ಎರಡನೆಯ ಗುಂಪು. ಪ್ರಯೋಗಾಲಯಗಳು ಹೆಚ್ಚಾಗಿ ಪರೀಕ್ಷಿಸಿದ್ದು, ಸಾಕಲು ಸುಲಭವೆಂಬ ಕಾರಣಕ್ಕೆ, ಮೊದಲ ಗುಂಪನ್ನು. ಈ ವಿಜ್ಞಾನದ ಒಂದು ದೌರ್ಬಲ್ಯ ಇದೆಂದು ನನಗೆ ಅನಿಸುತ್ತದೆ.

ಪ್ರಶ್ನೆ: ಬಣ್ಣ ಹಚ್ಚಿದ ಹಳೆಯ ಮರಮುಟ್ಟು, ಚರಂಡಿಯ ಕೆಸರು ಮುಂತಾದವನ್ನು ಇದ್ದಿಲು ಮಾಡಿ ಮಣ್ಣಿಗೆ ಹಾಕಬಹುದೇ? ಸುಟ್ಟರೆ ವಿಷ ಹೋಗುತ್ತದೆಯಲ್ಲ?

ಉತ್ತರ: ಬೇಡ. ಶಾಖಕ್ಕೆ ರೋಗಾಣುಗಳು ಸಾಯುತ್ತವೆ. ಸೀಸ, ತಾಮ್ರ, ಸತುವಿನಂಥ ಭಾರಲೋಹಗಳು ಎಲ್ಲಿಯೂ ಹೋಗುವುದಿಲ್ಲ. ಉಳಿದದ್ದೆಲ್ಲ ಹೊಗೆಯಾಗಿ ಹೋದ ಮೇಲೆ ಅವು ಇದ್ದಿಲಿನಲ್ಲಿ ಇನ್ನಷ್ಟು ಸಾಂದ್ರವಾಗುತ್ತವೆ. ಹೊಗೆ ಸರಿಯಾಗಿ ಹೊರಹೋಗದೆ ಇದ್ದಿಲಿನ ಮೇಲೆಯೇ ಹೆಪ್ಪುಗಟ್ಟಿದರೆ ವಿಷಕಾರಿ ಹೈಡ್ರೋಕಾರ್ಬನ್‌ಗಳೂ ಸೇರಿಕೊಳ್ಳುತ್ತವೆ. ಕೈಗೆ ಜಿಡ್ಡು ಹತ್ತುವ, ಡಾಂಬರಿನ ವಾಸನೆ ಬರುವ ಇದ್ದಿಲನ್ನು ಮಣ್ಣಿಗೆ ಹಾಕಬಾರದು.

ಆದರೆ ಮೊದಲೇ ಕೆಟ್ಟಿರುವ ಮಣ್ಣಿಗೆ ಶುದ್ಧವಾದ ಇದ್ದಿಲು ಹಾಕುವುದು ಬೇರೆಯೇ ವಿಷಯ. ಅಲ್ಲಿ ಅದು ಕೀಟನಾಶಕಗಳನ್ನೂ ಹೈಡ್ರೋಕಾರ್ಬನ್‌ಗಳನ್ನೂ ತನ್ನ ಮೇಲ್ಮೈಯಲ್ಲಿ ಕಟ್ಟಿಹಾಕುವುದರಿಂದ ಹುಳುಗಳ ದೇಹಕ್ಕೆ ಸೇರುವ ವಿಷ ಕಡಿಮೆಯಾಗುತ್ತದೆ. ಹುಳುಗಳು ತಮ್ಮ ಓಡಾಟ ಮತ್ತು ಜೀರ್ಣಕ್ರಿಯೆಯಿಂದ ಕೆಲವು ಲೋಹಗಳನ್ನು ಸಡಿಲಿಸುತ್ತವೆ, ಇದ್ದಿಲು ಅವುಗಳಲ್ಲಿ ಹಲವನ್ನು ಮತ್ತೆ ಹಿಡಿಯುತ್ತದೆ. ಇದಕ್ಕೆ ಒಂದು ಬೆಲೆಯೂ ಇದೆ: ಮಣ್ಣಿಗೆ ಹಾಕುವ ಕಳೆನಾಶಕವನ್ನೂ ಇದ್ದಿಲು ಹಾಗೆಯೇ ಕಟ್ಟಿಹಾಕುವುದರಿಂದ ಕಳೆ ಸಾಯದೆ ಉಳಿಯಬಹುದು.

ಪ್ರಶ್ನೆ: ನನ್ನಲ್ಲಿರುವ ಇದ್ದಿಲು ಹುಳುಗಳಿಗೆ ಒಗ್ಗುತ್ತದೆಯೇ ಎಂದು ಪ್ರಯೋಗಾಲಯಕ್ಕೆ ಕಳುಹಿಸದೆ ತಿಳಿಯುವ ದಾರಿ ಇದೆಯೇ?

ಉತ್ತರ: ಇದೆ, ಮತ್ತು ಪ್ರಯೋಗಾಲಯದವರು ಮಾಡುವುದೂ ಬಹುತೇಕ ಅದನ್ನೇ. ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಇದಕ್ಕೆ ಐಎಸ್ಒ 17512 ಎಂಬ ಕ್ರಮವನ್ನು ರೂಪಿಸಿದೆ. ಒಂದು ಅಗಲವಾದ ಡಬ್ಬಿಯ ನಡುವೆ ರಟ್ಟಿನ ತಡೆ ನಿಲ್ಲಿಸಿ, ಒಂದು ಬದಿಗೆ ನಿಮ್ಮ ಮಣ್ಣನ್ನು, ಇನ್ನೊಂದು ಬದಿಗೆ ಹೊಲಕ್ಕೆ ಹಾಕಬೇಕೆಂದಿರುವ ಪ್ರಮಾಣದಲ್ಲಿ ಇದ್ದಿಲು ಬೆರೆಸಿದ ಅದೇ ಮಣ್ಣನ್ನು ತುಂಬಿರಿ. ಎರಡೂ ಬದಿಯ ತೇವ ಸಮನಾಗಿರಬೇಕು; ಇದ್ದಿಲಿನ ಬದಿಗೆ ಹೆಚ್ಚು ನೀರು ಹಿಡಿಯುತ್ತದೆಂಬುದನ್ನು ಮರೆಯಬೇಡಿ. ತಡೆಯನ್ನು ತೆಗೆದು, ನಡುಗೆರೆಯ ಮೇಲೆ ಬಲಿತ ಹತ್ತು ಹುಳುಗಳನ್ನು ಬಿಟ್ಟು, ಗಾಳಿಯಾಡುವ ಮುಚ್ಚಳ ಹಾಕಿ 48 ಗಂಟೆ ಬಿಡಿ. ಬಳಿಕ ತಡೆಯನ್ನು ಮತ್ತೆ ಇಳಿಸಿ ಎರಡೂ ಬದಿಯ ಹುಳುಗಳನ್ನು ಎಣಿಸಿ.

ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಹುಳುಗಳು ಬರಿಯ ಮಣ್ಣಿನ ಬದಿಗೆ ಸೇರಿದ್ದರೆ ಇದ್ದಿಲಿನ ಮಣ್ಣು ಅವುಗಳ ವಾಸಕ್ಕೆ ತಕ್ಕದ್ದಲ್ಲವೆಂದು ಅರ್ಥ. ಆರು–ನಾಲ್ಕು ಎಂದು ಹಂಚಿಹೋಗಿದ್ದರೆ ಅದರಿಂದ ಏನೂ ಹೇಳಲಾಗದು. ಒಂದೇ ಡಬ್ಬಿಯ ಫಲಿತಾಂಶವನ್ನು ನಂಬದೆ ಐದಾರು ಡಬ್ಬಿ ಇಡಿ. ಅವುಗಳಲ್ಲಿ ಒಂದೆರಡರಲ್ಲಿ ಎರಡೂ ಬದಿಗೆ ಇದ್ದಿಲಿಲ್ಲದ ಮಣ್ಣನ್ನೇ ತುಂಬಿ. ಅಲ್ಲಿಯೂ ಹುಳುಗಳು ಒಂದೇ ಬದಿಗೆ ಸೇರಿಕೊಂಡರೆ ಬೆಳಕೋ ಶಾಖವೋ ಅವುಗಳನ್ನು ಓಡಿಸುತ್ತಿದೆ ಎಂದು ತಿಳಿದು, ಪರೀಕ್ಷೆಯನ್ನು ಕತ್ತಲೆಯ ತಂಪು ಜಾಗದಲ್ಲಿ ಮತ್ತೆ ಮಾಡಬೇಕು. ಇದ್ದಿಲನ್ನು ಒಮ್ಮೆ ಒಣದಾಗಿ, ಒಮ್ಮೆ ನೆನೆಸಿ ತೊಳೆದು ಪರೀಕ್ಷಿಸಿದರೆ ತೊಂದರೆ ನೀರಿನದೋ ಮತ್ತಾವುದರದೋ ಎಂಬುದೂ ತಿಳಿಯುತ್ತದೆ.

ಪ್ರಶ್ನೆ: ಎರಡು ವರ್ಷದ ಹಿಂದೆ ಇದ್ದಿಲು ಹಾಕಿದೆ. ಹುಳುಗಳು ಹೆಚ್ಚಿದಂತೆ ಕಾಣುತ್ತಿಲ್ಲ. ಏನು ತಪ್ಪಾಗಿದೆ?

ಉತ್ತರ: ಬಹುಶಃ ಏನೂ ತಪ್ಪಾಗಿಲ್ಲ. ಇದ್ದಿಲಿನಿಂದ ಹುಳುಗಳ ಸಂಖ್ಯೆ ಏರುತ್ತದೆಂದು ನಿಮಗೆ ಯಾರೋ ಭರವಸೆ ಕೊಟ್ಟಿರಬೇಕು. ಈ ವಿಷಯದ ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿ 2011ರಲ್ಲಿ ಬಂದ ಸಮೀಕ್ಷೆ, ಆರಂಭದಲ್ಲಿ ಕೆಲವೊಮ್ಮೆ ಹಾನಿ, ದೀರ್ಘಕಾಲದಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ ಎಂದು ಹೇಳಿತು. ಹುಳುಗಳ ಸಂಖ್ಯೆಯನ್ನು ನಿರ್ಧರಿಸುವುದು ಆಹಾರ, ತೇವ ಮತ್ತು ಉಳುಮೆ. ಇದ್ದಿಲು ಆಹಾರವಲ್ಲ. ನೀವು ಇದ್ದಿಲು ಹಾಕಿದ್ದೇವೆಂದು ಗೊಬ್ಬರವನ್ನು ಕಡಿಮೆ ಮಾಡಿದ್ದರೆ, ಅಥವಾ ಬೆಳೆಯ ಉಳಿಕೆಯನ್ನೆಲ್ಲ ಇದ್ದಿಲು ಮಾಡಲು ಒಯ್ದಿದ್ದರೆ, ಹುಳುಗಳ ಊಟವನ್ನೇ ಸುಟ್ಟು ಮತ್ತೆ ಅವುಗಳ ಮುಂದೆ ಇಟ್ಟಂತಾಗಿದೆ. ಉಳಿಕೆಯಲ್ಲಿ ಒಂದು ಪಾಲನ್ನಾದರೂ ಸುಡದೆ ನೆಲದ ಮೇಲೆ ಹೊದಿಕೆಯಾಗಿ ಬಿಡಿ.

ಕಾಣುತ್ತಿಲ್ಲ ಎನ್ನುವ ಮಾತನ್ನೂ ಒಮ್ಮೆ ಪರೀಕ್ಷಿಸಿ. ಒಣಗಿದ ದಿನಗಳಲ್ಲಿ ಅನೇಕ ಹುಳುಗಳು ಆಳಕ್ಕಿಳಿದು ಸುರುಳಿ ಸುತ್ತಿಕೊಂಡು ಮಲಗಿರುತ್ತವೆ. ಆಗ ಅಗೆದು ಎಣಿಸಿದ ಲೆಕ್ಕಕ್ಕೆ ಅರ್ಥವಿಲ್ಲ. ಮಣ್ಣು ಹದವಾಗಿ ತೇವಗೊಂಡು ಒಂದೆರಡು ವಾರ ಕಳೆದ ಮೇಲೆ, ಬೆಳಗಿನ ಹೊತ್ತು, 25 ಸೆಂಟಿಮೀಟರ್ ಚೌಕದ, 30 ಸೆಂಟಿಮೀಟರ್ ಆಳದ ಮಣ್ಣಿನ ಗಡ್ಡೆಯನ್ನು ಎತ್ತಿ, ಕೈಯಿಂದ ಪುಡಿಮಾಡುತ್ತ ಎಣಿಸಿ, ಬಂದ ಸಂಖ್ಯೆಯನ್ನು 16ರಿಂದ ಗುಣಿಸಿದರೆ ಚದರ ಮೀಟರಿನ ಲೆಕ್ಕ ಸಿಗುತ್ತದೆ. ಇದ್ದಿಲು ಹಾಕಿದ ಕಡೆ ಐದು, ಹಾಕದ ಕಡೆ ಐದು ಗಡ್ಡೆಗಳನ್ನು ಒಂದೇ ದಿನ ಎತ್ತಿ ಹೋಲಿಸಿ. ಎಣಿಸುವಾಗ ಹಿಕ್ಕೆಗಳನ್ನೂ ಒಡೆದು ನೋಡಿ: ಒಳಗೆ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆಗಳು ಕಂಡರೆ, ಹುಳುಗಳ ಸಂಖ್ಯೆ ಹೆಚ್ಚಿರಲಿ ಇಲ್ಲದಿರಲಿ, ನಿಮ್ಮ ಇದ್ದಿಲಿನ ಮೇಲೆ ಅವು ಕೆಲಸ ಶುರುಮಾಡಿವೆ.